ಎನ್‌ಸಿವಿ, ಇಎಂಜಿ ಅಂತ ನರ, ಸ್ನಾಯುವಿನ ಟೆಸ್ಟ್ ಬರೆದುಕೊಟ್ಟಿದ್ದಾರಾ? ಹೋಗುವ ಮುಂಚೆ ಇದನ್ನು ಓದಿ

ಡಿಸೆಂಬರ್ ತಿಂಗಳ ಒಂದು ಬೆಳಗ್ಗೆ. ನಸುಕಿನ ಬಸ್ಸಿಗೆ ಊರು ಬಿಟ್ಟು ಬಂದಿದ್ದ ಒಬ್ಬ ಅಮ್ಮ ಟೆಸ್ಟ್ ಮಂಚದ ಮೇಲೆ ಮಲಗಿದರು. ಮೊಣಕೈವರೆಗೂ ಕೊಬ್ಬರಿ ಎಣ್ಣೆ. ಬೆರಳು ಮುಟ್ಟಿದರೆ ನಲ್ಲಿ ಮುಟ್ಟಿದ ಹಾಗೆ ತಣ್ಣಗೆ. ಮುಂಗೈ ನರದ ವೇಗ ನೋಡಿದೆ, ಸೆಕೆಂಡಿಗೆ 43 ಮೀಟರ್. ಕೈಯ ನರಕ್ಕೆ ಸಾಮಾನ್ಯವಾಗಿ 50ರ ಮೇಲೆ ಇರಬೇಕು. ಚರ್ಮದ ಬಿಸಿ ಅಳೆದರೆ 27 ಡಿಗ್ರಿ. ಎಣ್ಣೆ ಒರೆಸಿ, ಬಕೆಟ್‌ನಲ್ಲಿ ಬಿಸಿನೀರು ತರಿಸಿ, ಕಾಲು ಗಂಟೆ ಕೈ ಅದ್ದಿಸಿ ಕೂರಿಸಿದೆ. ಮತ್ತೆ ಅಳೆದಾಗ 53 ಬಂತು. ಅದೇ ಕೈ, ಅದೇ ಯಂತ್ರ. ಮೊದಲನೇ ಅಂಕಿಯನ್ನೇ ಬರೆದು ಕಳಿಸಿದ್ದರೆ "ಎರಡೂ ಕೈಯ ನರ ವೀಕು" ಅಂತ ಹೆಸರಾಗುತ್ತಿತ್ತು. ನಿಜವಾದ ತೊಂದರೆ ಇದ್ದದ್ದು ಬಲಗೈ ಮಣಿಕಟ್ಟಿನ ಒಂದೆರಡು ಇಂಚು ಜಾಗದಲ್ಲಿ ಮಾತ್ರ.

ನಾನು ಈ ಟೆಸ್ಟ್ ಮಾಡುವ ಟೆಕ್ನಿಷಿಯನ್. ಡಾಕ್ಟರ್ ಅಲ್ಲ, ಹಾಗಾಗಿ ನಿಮ್ಮ ಕಾಯಿಲೆ ಯಾವುದು ಅಂತ ಇಲ್ಲಿ ಹೇಳೋದಿಲ್ಲ. ಆದರೆ ದಿನಾ ನೋಡುತ್ತೇನೆ: ಜನ ಚೀಟಿ ಹಿಡಿದು ಬರುತ್ತಾರೆ, ಆ ಚೀಟಿಯಲ್ಲಿ "ಎನ್‌ಸಿವಿ" ಅಂತ ಒಂದೇ ಪದ ಇರುತ್ತದೆ, ಏನು ಹುಡುಕಬೇಕು ಅನ್ನೋದು ಚೀಟಿಯಲ್ಲೂ ಇರಲ್ಲ, ತಂದವರಿಗೂ ಗೊತ್ತಿರಲ್ಲ. ಈ ಯಂತ್ರ ನಾವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಪ್ರಶ್ನೆ ಸರಿಯಾಗಿದ್ದರೆ ಒಂದು ಗಂಟೆಯಲ್ಲಿ ತುಂಬಾ ದೂರ ಹೋಗಬಹುದು. ಪ್ರಶ್ನೆಯೇ ಇಲ್ಲದಿದ್ದರೆ ಮೂರು ಪುಟ ಅಂಕಿ ಬರುತ್ತದೆ, ಅಷ್ಟೇ.

ಹೆಸರಿನ ಗೊಂದಲ ಮೊದಲು ಮುಗಿಸೋಣ. ಎನ್‌ಸಿವಿ, ಎನ್‌ಸಿಎಸ್ ಎರಡೂ ಒಂದೇ, ಚರ್ಮದ ಮೇಲಿಂದ ನರಕ್ಕೆ ಸಣ್ಣ ಕರೆಂಟ್ ಕೊಟ್ಟು ನೋಡುವ ಟೆಸ್ಟ್. ಇಎಂಜಿ ಅಂದರೆ ಸ್ನಾಯುವಿಗೆ ಸೂಜಿ ಹಾಕಿ ನೋಡುವುದು. ಎರಡನ್ನೂ ಸೇರಿಸಿ ಕೆಲವು ಆಸ್ಪತ್ರೆಗಳಲ್ಲಿ ಇಎನ್‌ಎಂಜಿ ಅನ್ನುತ್ತಾರೆ.

ಮುಂದೆ ಹೋಗುವ ಮುಂಚೆ ಒಂದು ಮಾತು. ಎರಡು ಮೂರು ದಿನದಲ್ಲಿ ಕಾಲಿನ ಬಲ ಹೋಗಿ ಅದು ಕೈಗೂ ಹತ್ತುತ್ತಿದ್ದರೆ, ಉಸಿರಾಡಲು ಅಥವಾ ನುಂಗಲು ಕಷ್ಟ ಆಗುತ್ತಿದ್ದರೆ, ಬೆನ್ನುನೋವಿನ ಜೊತೆ ಮೂತ್ರ ಕಟ್ಟಿದ್ದರೆ ಅಥವಾ ಕೂರುವ ಜಾಗ ಮರಗಟ್ಟಿದ್ದರೆ, ಮುಖ ಅಥವಾ ಒಂದು ಪಕ್ಕದ ಕೈಕಾಲು ಇದ್ದಕ್ಕಿದ್ದಂತೆ ಬಿದ್ದುಹೋದರೆ, ಟೆಸ್ಟಿಗೆ ಅಪಾಯಿಂಟ್‌ಮೆಂಟ್ ತಗೊಂಡು ಕಾಯಬೇಡಿ. ಆ ಕ್ಷಣವೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಟೆಸ್ಟ್ ಅಲ್ಲಿ ಆಗುತ್ತದೆ.

1. ಮನೆಯಲ್ಲೇ ಒಂದು ಪುಟ ಬರೆಯಿರಿ

ಟೆಸ್ಟಿನ ಅರ್ಧ ಕೆಲಸ ಇಲ್ಲೇ ಆಗುತ್ತದೆ, ಉತ್ಪ್ರೇಕ್ಷೆ ಅಲ್ಲ. "ನರ ದೌರ್ಬಲ್ಯ" ಅಂತ ಬರೆಯಬೇಡಿ, ಅದರಿಂದ ಯಾರಿಗೂ ಏನೂ ತಿಳಿಯಲ್ಲ. ಏನು ಅನಿಸುತ್ತದೆ ಅಂತ ನಿಮ್ಮ ಮಾತಲ್ಲೇ ಬರೆಯಿರಿ. ಇರುವೆ ಹರಿದ ಹಾಗಾ, ಮೆಣಸಿನಕಾಯಿ ಹಚ್ಚಿದ ಉರಿಯಾ, ಹತ್ತಿ ಮೇಲೆ ನಡೆದ ಹಾಗಾ, ನೋವೇ ಇಲ್ಲದೆ ಸುಮ್ನೆ ಬಲ ಕಡಿಮೆಯಾ?

ಆಮೇಲೆ ಎಲ್ಲಿ ಅಂತ. ಇದು ತುಂಬಾ ಮುಖ್ಯ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿದು ರಾತ್ರಿ ಎಚ್ಚರ ಆಗಿ ಕೈ ಕೊಡವಿದರೆ ಸ್ವಲ್ಪ ಸರಿ ಹೋಗುತ್ತದೆ ಅಂದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವ ಅನುಮಾನ, ಅದೇ ಕಾರ್ಪಲ್ ಟನಲ್. ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ಅರ್ಧ ಆಗಿದ್ದರೆ ಮೊಣಕೈ ಹತ್ತಿರದ ನರವನ್ನು ನೋಡುತ್ತೇವೆ. ಎರಡೂ ಅಂಗಾಲಲ್ಲಿ ಒಟ್ಟಿಗೆ ಶುರುವಾಗಿ ನಿಧಾನಕ್ಕೆ ಮೇಲೇರುತ್ತಿದ್ದರೆ ಸಕ್ಕರೆ ಕಾಯಿಲೆ, ಬಿ12 ಕೊರತೆ, ಕುಡಿತ, ಕೆಲವು ಮಾತ್ರೆಗಳು, ಹೀಗೆ ಇಡೀ ಮೈಗೆ ಸಂಬಂಧಿಸಿದ ಕಾರಣಗಳು ಮುಂದೆ ಬರುತ್ತವೆ. ಹವಾಯಿ ಚಪ್ಪಲಿ ಕಾಲಿಂದ ಜಾರಿ ಬಿದ್ದದ್ದು ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ಗೊತ್ತಾಯಿತು ಅಂತ ಎಷ್ಟೋ ಜನ ಹೇಳುತ್ತಾರೆ. ಇದನ್ನು ಡಾಕ್ಟರಿಗೆ ಹೇಳಲೇಬೇಕು, ಸಣ್ಣ ವಿಷಯ ಅಂತ ಬಿಡಬೇಡಿ.

ಬಲ ಕಡಿಮೆ ಅನಿಸಿದರೆ ಯಾವ ಕೆಲಸದಲ್ಲಿ ಅಂತ ಬರೆಯಿರಿ. ಕುಕ್ಕರಗಾಲಲ್ಲಿ ಕೂತು ಏಳುವಾಗ, ಬಸ್ಸಿನ ಮೆಟ್ಟಿಲು ಹತ್ತುವಾಗ, ತಲೆ ಬಾಚುವಾಗ, ಕೊಡ ಎತ್ತಿ ಕಟ್ಟೆ ಮೇಲೆ ಇಡುವಾಗ ಕಷ್ಟವಾದರೆ ಅದು ತೊಡೆ, ಭುಜದ ದೊಡ್ಡ ಸ್ನಾಯುಗಳ ಮಾತು. ಗುಂಡಿ ಹಾಕೋದು, ಬೀಗ ತಿರುಗಿಸೋದು, ಅನ್ನ ಕಲಸಿ ತುತ್ತು ಮಾಡೋದು ಕಷ್ಟ ಅಂದರೆ ಅಂಗೈ, ಬೆರಳಿನ ಮಾತು. ಬೆಳಗ್ಗೆ ಚೆನ್ನಾಗಿದ್ದು ಸಂಜೆಗೆ ರೆಪ್ಪೆ ಜೋತು ಬೀಳುತ್ತದೆ, ಒಂದೇ ಊಟದ ಮಧ್ಯದಲ್ಲಿ ಅಗಿದು ಅಗಿದು ದವಡೆ ಸೋಲುತ್ತದೆ ಅಂದರೆ ಅದಕ್ಕೆ ಬೇರೆಯದೇ ಟೆಸ್ಟ್ ಇದೆ, ಕೆಳಗೆ ಹೇಳುತ್ತೇನೆ. ಸಂಜೆ ಹೊತ್ತಿನ ಆ ಮುಖವನ್ನು ಮೊಬೈಲಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಬೆಳಗ್ಗೆ ಹತ್ತು ಗಂಟೆಯ ಓಪಿಡಿಯಲ್ಲಿ ಅದು ಕಾಣಲ್ಲ.

ಯಾವಾಗ ಶುರುವಾಯಿತು, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ, ಏನು ಕೆಲಸ ಮಾಡುತ್ತೀರಿ, ಯಾವ ಮಾತ್ರೆ ತಗೊಳ್ಳುತ್ತೀರಿ. ಮಾತ್ರೆ ವಿಷಯದಲ್ಲಿ ಟಿಬಿ ಮಾತ್ರೆ, ಕ್ಯಾನ್ಸರ್ ಔಷಧಿ, ಕೊಲೆಸ್ಟ್ರಾಲ್ ಮಾತ್ರೆ ಇವನ್ನು ಮರೆಯಬೇಡಿ. ಕೆಲಸದ ವಿಷಯ ಯಾಕೆ ಅಂದರೆ, ದಿನವಿಡೀ ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತವರಿಗೆ ಮಂಡಿಯ ಹೊರಬದಿಯ ನರ ಒತ್ತಿ ಪಾದ ಮೇಲೆತ್ತಲು ಆಗದೆ ಹೋಗಬಹುದು. ಅದು ಗೊತ್ತಿಲ್ಲದೆ ಎಲ್ಲರೂ ಬೆನ್ನಿನ ಡಿಸ್ಕನ್ನೇ ಹುಡುಕುತ್ತಾ ಇರುತ್ತಾರೆ.

2. ಯಂತ್ರಕ್ಕೆ ಮುಂಚೆ ಡಾಕ್ಟರ ಕೈ, ಆಮೇಲೆ ರಕ್ತ

ನರರೋಗದ ಡಾಕ್ಟರು ಸುತ್ತಿಗೆಯಲ್ಲಿ ಮಂಡಿ ತಟ್ಟುತ್ತಾರೆ, 128 ಹರ್ಟ್ಸಿನ ಟ್ಯೂನಿಂಗ್ ಫೋರ್ಕನ್ನು ಕಾಲಿನ ಹೆಬ್ಬೆರಳ ಮೇಲಿಟ್ಟು ನಡುಕ ಗೊತ್ತಾಗುತ್ತಾ ಅಂತ ಕೇಳುತ್ತಾರೆ, 10 ಗ್ರಾಂ ಒತ್ತಡಕ್ಕೆ ಬಾಗುವ ಒಂದು ದಾರದಂಥ ಎಳೆಯಿಂದ ಅಂಗಾಲು ಚುಚ್ಚುತ್ತಾರೆ. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅಂತಲೇ ಹೇಳಿ. ಪರೀಕ್ಷೆಯಲ್ಲಿ ಪಾಸಾಗಬೇಕು ಅನ್ನೋ ಹಾಗೆ ಊಹಿಸಿ "ಹೌದು ಹೌದು" ಅನ್ನುವವರು ಜಾಸ್ತಿ. ಅದರಿಂದ ನಷ್ಟ ನಿಮಗೇ.

ಡಾಕ್ಟರು ಮೊಣಕೈ ಹಿಂದೆ ನರವನ್ನು ಒತ್ತಿ ನೋಡಿದರೆ ಗಾಬರಿ ಬೇಡ, ನರ ದಪ್ಪಗಾಗಿದೆಯಾ ಅಂತ ನೋಡುತ್ತಿದ್ದಾರೆ. ಮೈಮೇಲೆ ಸ್ಪರ್ಶ ಗೊತ್ತಾಗದ ಮಚ್ಚೆ ಇದ್ದರೆ ಕೇಳದಿದ್ದರೂ ತೋರಿಸಿ. ಇವೆರಡೂ ಕುಷ್ಠದ ಗುರುತಾಗಿರಬಹುದು. ಕುಷ್ಠ ರಾಷ್ಟ್ರಮಟ್ಟದಲ್ಲಿ ಸಾರ್ವಜನಿಕ ಸಮಸ್ಯೆಯಾಗಿ ಉಳಿದಿಲ್ಲ ಅಂತ 2005ರಲ್ಲೇ ಘೋಷಣೆ ಆಗಿದೆ, ಆದರೂ ಹೊಸ ರೋಗಿಗಳು ಇವತ್ತಿಗೂ ಬರುತ್ತಿದ್ದಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಬೇಗ ಶುರು ಮಾಡಿದರೆ ಕೈಕಾಲು ಉಳಿಯುತ್ತದೆ. ನಾಚಿಕೊಂಡು ಮುಚ್ಚಿಡುವ ವಿಷಯವೇ ಅಲ್ಲ.

ರಕ್ತದಲ್ಲಿ ಸಾಮಾನ್ಯವಾಗಿ ಸಕ್ಕರೆ ಮತ್ತು ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ), ಬಿ12, ಥೈರಾಯ್ಡ್, ಕಿಡ್ನಿ ನೋಡುವ ಕ್ರಿಯಾಟಿನಿನ್ ಬರೆಯುತ್ತಾರೆ. ಬಿ12 ಬಗ್ಗೆ ಒಂದು ಮಾತು. ನಮ್ಮಲ್ಲಿ ಜೋಮು ಅಂದ ತಕ್ಷಣ ಮೆಡಿಕಲ್ ಶಾಪಿನಿಂದಲೇ ಬಿ12 ಇಂಜೆಕ್ಷನ್ ಅಥವಾ ಮಾತ್ರೆ ಶುರುವಾಗಿರುತ್ತದೆ. ಅದಾದ ಮೇಲೆ ರಕ್ತ ಕೊಟ್ಟರೆ ಅಂಕಿ ಚೆನ್ನಾಗೇ ಬರುತ್ತದೆ, ಮೊದಲು ಕೊರತೆ ಇತ್ತಾ ಅಂತ ಹೇಳೋಕೆ ಆಗಲ್ಲ. ಹಾಗಾಗಿ ಮೊದಲು ರಕ್ತ, ಆಮೇಲೆ ಇಂಜೆಕ್ಷನ್. ಮಾಂಸ, ಮೊಟ್ಟೆ, ಹಾಲು ಕಡಿಮೆ ತಿನ್ನುವವರು ಮತ್ತು ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುತ್ತಿರುವ ಸಕ್ಕರೆ ಕಾಯಿಲೆಯವರು ಈ ಟೆಸ್ಟ್ ಕೇಳಿ ಮಾಡಿಸಿಕೊಳ್ಳಿ.

ಸ್ನಾಯುವಿನ ಅನುಮಾನ ಇದ್ದರೆ ಸಿಪಿಕೆ ಅಂತ ಒಂದು ರಕ್ತ ಪರೀಕ್ಷೆ. ಸ್ನಾಯು ಒಡೆದಾಗ ರಕ್ತಕ್ಕೆ ಸೋರುವ ಪದಾರ್ಥ ಅದು. ಹಿಂದಿನ ದಿನ ಜಿಮ್ಮಲ್ಲಿ ಜೋರಾಗಿ ಕಸರತ್ತು ಮಾಡಿದರೂ, ಸೊಂಟಕ್ಕೆ ಇಂಜೆಕ್ಷನ್ ತಗೊಂಡರೂ, ಇಎಂಜಿ ಸೂಜಿ ಹಾಕಿಸಿಕೊಂಡರೂ ಇದು ಏರಬಹುದು. ಆದ್ದರಿಂದ ಎರಡು ಮೂರು ದಿನ ಭಾರದ ಕೆಲಸ ಬಿಟ್ಟು, ಸೂಜಿ ಟೆಸ್ಟಿಗಿಂತ ಮುಂಚೆ ರಕ್ತ ಕೊಡಿ.

ಇಲ್ಲೇ ಇನ್ನೊಂದನ್ನು ಹೇಳಬೇಕು, ಇದು ನನಗೆ ತುಂಬಾ ನೋವು ಕೊಡುವ ವಿಷಯ. ಎಸ್‌ಜಿಒಟಿ, ಎಸ್‌ಜಿಪಿಟಿ ಅನ್ನುವ ರಕ್ತದ ಅಂಕಿಗಳು ಜಾಸ್ತಿ ಬಂದರೆ ಎಲ್ಲರೂ ಲಿವರ್ ಅಂತಾರೆ. ಇವು ಸ್ನಾಯುವಿನಲ್ಲೂ ಇವೆ. ನಾಲ್ಕೈದು ವರ್ಷದ ಗಂಡು ಮಗು, ಓಡುವಾಗ ಬೀಳುತ್ತದೆ, ಮೀನಖಂಡ ದಪ್ಪ ಕಾಣುತ್ತದೆ, ನೆಲದಿಂದ ಏಳುವಾಗ ತನ್ನ ತೊಡೆಯನ್ನೇ ಕೈಯಲ್ಲಿ ಹಿಡಿದು ಹತ್ತಿಕೊಂಡು ಏಳುತ್ತದೆ. ಅಂಥ ಮಗುವಿಗೆ ಲಿವರ್ ಟಾನಿಕ್ ಕೊಡಿಸುತ್ತಾ ಒಂದು ವರ್ಷ ಓಡಾಡಿದ ಅಪ್ಪ ಅಮ್ಮನನ್ನು ನಾನೇ ನೋಡಿದ್ದೇನೆ. ಒಂದೇ ಒಂದು ಸಿಪಿಕೆ ಮಾಡಿಸಿದ್ದರೆ ಆ ವರ್ಷ ಉಳಿಯುತ್ತಿತ್ತು.

3. ಯಾವಾಗ ಮಾಡಿಸಬೇಕು

ಗಾಜು ಕುಯ್ದು ನರ ತುಂಡಾಯಿತು, ಬೈಕಿಂದ ಬಿದ್ದು ಭುಜದ ನರ ಎಳೆಯಿತು ಅಂತಿಟ್ಟುಕೊಳ್ಳಿ. ಮಾರನೇ ದಿನವೇ ಟೆಸ್ಟಿಗೆ ಬಂದರೆ ಪೆಟ್ಟಿನ ಕೆಳಗಿನ ನರ ಇನ್ನೂ ಚೆನ್ನಾಗೇ ಉತ್ತರ ಕೊಡುತ್ತದೆ. ಕಡಿದ ಬಾಳೆ ಎಲೆ ಕೂಡಲೇ ಒಣಗಲ್ಲ ಅಲ್ವಾ, ಹಾಗೆ. ಕೆಳಗಿನ ತುಂಡು ಒಣಗಿ ಉತ್ತರ ನಿಲ್ಲಿಸಲು ಒಂದು ವಾರದಿಂದ ಹತ್ತು ಹನ್ನೊಂದು ದಿನ ಬೇಕು, ಸೂಜಿ ಟೆಸ್ಟಲ್ಲಿ ಸ್ನಾಯುವಿನ ಬದಲಾವಣೆ ಕಾಣಲು ಎರಡರಿಂದ ಮೂರು ವಾರ. ಹಾಗಾಗಿ ಪೆಟ್ಟು, ಹೊಸ ಡಿಸ್ಕ್ ನೋವು ಇಂಥವಕ್ಕೆ ಸುಮಾರು ಮೂರು ವಾರದ ನಂತರದ ಟೆಸ್ಟೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ತೆರೆದ ಗಾಯ ಆಗಿದ್ದರೆ ಸರ್ಜನ್ ಹತ್ತಿರ ಹೋಗಲು ಮಾತ್ರ ಕಾಯಬೇಡಿ, ಟೆಸ್ಟು ಕಾಯಬಹುದು, ಹೊಲಿಗೆ ಕಾಯಲ್ಲ.

ಇದಕ್ಕೆ ಹೊರತಾದದ್ದು ಗಿಲಾನ್ ಬಾರೆ, ಕೆಲವೇ ದಿನದಲ್ಲಿ ಕಾಲಿನಿಂದ ಮೇಲಕ್ಕೆ ಬಲ ಹೋಗುವ ನರದ ಕಾಯಿಲೆ. 2025ರ ಜನವರಿಯಲ್ಲಿ ಪುಣೆಯಲ್ಲಿ ತುಂಬಾ ಜನಕ್ಕೆ ಬಂದು ಸುದ್ದಿಯಾಯಿತಲ್ಲ, ಅದೇ. ಅದರಲ್ಲಿ ಮೊದಲ ದಿನಗಳಲ್ಲೇ ಟೆಸ್ಟ್ ಮಾಡುತ್ತೇವೆ, ಏನೂ ಕಾಣದಿದ್ದರೆ ಒಂದೆರಡು ವಾರ ಬಿಟ್ಟು ಮತ್ತೆ ಮಾಡುತ್ತೇವೆ. ಬೆನ್ನಿನಿಂದ ತೆಗೆಯುವ ನೀರಿನಲ್ಲೂ ಮೊದಲ ವಾರ ಪ್ರೋಟೀನ್ ಏರದೇ ಇರಬಹುದು. ಟೆಸ್ಟ್ ಸರಿಯಾಗಿದೆ ಅಂತ ಡಾಕ್ಟರು ಚಿಕಿತ್ಸೆ ನಿಲ್ಲಿಸಲ್ಲ, ರೋಗಿಯನ್ನು ನೋಡಿ ತೀರ್ಮಾನ ಮಾಡುತ್ತಾರೆ.

ಬುಕ್ ಮಾಡುವಾಗ ಫೋನಿನಲ್ಲೇ ಕೇಳಿ: ಎರಡು ಕೈ ಮಾತ್ರಾನಾ, ನಾಲ್ಕೂ ಕೈಕಾಲಾ? ಎನ್‌ಸಿವಿ ಮಾತ್ರಾನಾ, ಸೂಜಿನೂ ಇದೆಯಾ? ಸೂಜಿ ಹಾಕುವ ಡಾಕ್ಟರ್ ಅವತ್ತು ಇರುತ್ತಾರಾ? ಎಷ್ಟೋ ಕಡೆ ದರ ಇದರ ಮೇಲೆಯೇ ನಿಂತಿದೆ, ಮತ್ತು ಡಾಕ್ಟರ್ ಇಲ್ಲದ ದಿನ ಹೋದರೆ ಇನ್ನೊಮ್ಮೆ ಬಸ್ಸು ಹತ್ತಬೇಕು.

4. ಹಿಂದಿನ ದಿನ ಮತ್ತು ಆ ದಿನ

ಉಪವಾಸ ಬೇಡ. ತಿಂಡಿ ತಿಂದೇ ಬನ್ನಿ. ಸ್ನಾನ ಮಾಡಿ, ಆಮೇಲೆ ಕೈಕಾಲಿಗೆ ಎಣ್ಣೆ, ಕ್ರೀಮು, ವ್ಯಾಸಲೀನ್, ನೋವಿನ ಮುಲಾಮು ಏನನ್ನೂ ಹಚ್ಚಬೇಡಿ. ಎಣ್ಣೆ ಮೇಲೆ ಪಟ್ಟಿ ಅಂಟಲ್ಲ, ಸಿಗ್ನಲ್ ಬರಲ್ಲ, ನಾವು ಕರೆಂಟ್ ಜಾಸ್ತಿ ಕೊಡಬೇಕಾಗುತ್ತದೆ. ಅಂದರೆ ನಿಮಗೇ ನೋವು. ಉಂಗುರ, ವಾಚು, ಕಾಲುಂಗುರ ತೆಗೆದಿಡಿ. ಬಳೆ ಬಿಗಿಯಾಗಿದ್ದು ತೆಗೆಯಲು ಆಗಲ್ಲ ಅಂದರೆ, ಅಥವಾ ತೆಗೆಯಲು ಇಷ್ಟ ಇಲ್ಲ ಅಂದರೆ, ಹೇಳಿ. ಮೇಲೆ ಸರಿಸಿ ಮಾಡುವ ದಾರಿ ನೋಡುತ್ತೇವೆ. ಮೊಣಕೈ, ಮಂಡಿ ಮೇಲೆ ಸರಿಯುವ ಸಡಿಲ ಬಟ್ಟೆ ಹಾಕಿ.

ಚಳಿಗಾಲವಾದರೆ ಸ್ವೆಟರ್, ಕಾಲುಚೀಲ ಹಾಕಿಕೊಂಡು ಬನ್ನಿ. ಕೈ ತಣ್ಣಗಾದರೆ ಒಂದೊಂದು ಡಿಗ್ರಿಗೂ ನರದ ವೇಗ ಸೆಕೆಂಡಿಗೆ ಸುಮಾರು ಎರಡು ಮೀಟರ್ ಇಳಿಯುತ್ತದೆ. ಎಸಿ ರೂಮಿನಲ್ಲಿ ಅರ್ಧ ಗಂಟೆ ಕಾಯಿಸಿದರೂ ಇದೇ ಕಥೆ. "ನನ್ನ ಕೈ ತಣ್ಣಗಿದೆ, ಬಿಸಿ ಮಾಡಿ ಆಮೇಲೆ ನೋಡ್ತೀರಾ" ಅಂತ ಕೇಳಿ. ಕೇಳಿದರೆ ಯಾವ ಒಳ್ಳೆಯ ಟೆಕ್ನಿಷಿಯನ್ನೂ ಬೇಜಾರು ಮಾಡಿಕೊಳ್ಳಲ್ಲ.

ಪೇಸ್‌ಮೇಕರ್ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ಅಂದರೆ ವಾರ್ಫರಿನ್, ಅಸಿಟ್ರೋಮ್ ಥರದ್ದು ತಗೊಳ್ಳುತ್ತಿದ್ದರೆ, ಸ್ತನದ ಆಪರೇಷನ್ ಆಗಿ ಆ ಕಡೆ ಕೈ ಊದಿಕೊಂಡಿದ್ದರೆ ಬುಕ್ ಮಾಡುವಾಗಲೇ ಹೇಳಿ. ಬಹುತೇಕ ಇವರಿಗೆಲ್ಲ ಟೆಸ್ಟ್ ಮಾಡಬಹುದು, ಎಲ್ಲಿ ಹುಷಾರಾಗಿರಬೇಕು ಅಂತ ನಮಗೆ ಗೊತ್ತಿರಬೇಕು ಅಷ್ಟೇ. ಮಾತ್ರೆಯನ್ನು ನೀವೇ ನಿಲ್ಲಿಸಿಕೊಂಡು ಬರಬೇಡಿ. ಗರ್ಭಿಣಿಯರಿಗೂ ಈ ಟೆಸ್ಟಿನಿಂದ ತೊಂದರೆ ಇಲ್ಲ.

5. ಎನ್‌ಸಿವಿ: ಕರೆಂಟಿನ ಭಯ

"ಕರೆಂಟ್ ಕೊಡ್ತಾರಂತೆ" ಅಂತ ಅಳುತ್ತಾ ಬಂದವರು ಇದ್ದಾರೆ. ನಿಜ ಏನು ಅಂತ ಹೇಳುತ್ತೇನೆ. ಬೆರಳಿಗೆ ಅಥವಾ ಸ್ನಾಯುವಿನ ಮೇಲೆ ಪಟ್ಟಿ ಅಂಟಿಸುತ್ತೇವೆ. ಎರಡು ಮೊನೆ ಇರುವ ಒಂದು ಹಿಡಿಕೆಯನ್ನು ಮಣಿಕಟ್ಟಿನ ಮೇಲೆ ಒತ್ತಿ ಒಂದು ಶಾಕ್ ಕೊಡುತ್ತೇವೆ. ಅದು ಇರುವುದು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದೋ ಎರಡೋ ಪಾಲು ಹೊತ್ತು. ಮೊಣಕೈ ಗೋಡೆಗೆ ತಗುಲಿದಾಗ ಕಿರುಬೆರಳವರೆಗೂ ಝುಂ ಅನ್ನುತ್ತದಲ್ಲ, ಹಾಗಿರುತ್ತದೆ. ಬೆರಳು ತಾನಾಗಿ ಕುಣಿಯುತ್ತದೆ. ಸಣ್ಣದರಿಂದ ಶುರು ಮಾಡಿ ಏರಿಸುತ್ತಾ ಹೋಗುತ್ತೇವೆ, ಉತ್ತರ ಇನ್ನು ದೊಡ್ಡದಾಗಲ್ಲ ಅನ್ನುವವರೆಗೆ. ಆ ಕೊನೆಯ ಎರಡು ಮೂರು ಶಾಕ್ ಜೋರಾಗೇ ಇರುತ್ತವೆ, ಸುಳ್ಳು ಹೇಳಲ್ಲ. ಕಂಕುಳ, ಕುತ್ತಿಗೆ ಹತ್ತಿರ ಕೊಡಬೇಕಾದಾಗ ಇನ್ನೂ ಸ್ವಲ್ಪ ಜಾಸ್ತಿ. ಟೆಸ್ಟ್ ಮುಗಿದ ಮೇಲೆ ಮೈಯಲ್ಲಿ ಕರೆಂಟ್ ಉಳಿಯಲ್ಲ.

ಮಣಿಕಟ್ಟಲ್ಲಿ ಒಂದು ಸಲ, ಮೊಣಕೈಯಲ್ಲಿ ಒಂದು ಸಲ ಕೊಟ್ಟು, ಮಧ್ಯದ ದೂರವನ್ನು ಟೇಪಿನಲ್ಲಿ ಅಳೆದು, ಸಮಯದಿಂದ ಭಾಗಿಸಿದರೆ ವೇಗ ಸಿಕ್ಕಿತು. ಶಾಲೆಯ ಲೆಕ್ಕವೇ. 1850ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಇದೇ ಲೆಕ್ಕ ಹಾಕಿ ತೋರಿಸಿದಾಗ, ನರದ ಸುದ್ದಿಯನ್ನು ಅಳೆಯೋಕೇ ಆಗಲ್ಲ ಅಂತ ನಂಬಿದ್ದವರಿಗೆ ಅಚ್ಚರಿಯಾಗಿತ್ತು. ಇವತ್ತಿಗೂ ಟೇಪ್ ಒಂದು ಸೆಂಟಿಮೀಟರ್ ತಪ್ಪಿದರೆ ವೇಗ ತಪ್ಪುತ್ತದೆ, ಅದಕ್ಕೇ ಅಲುಗಾಡದೆ ಮಲಗಿ ಅನ್ನುತ್ತೇವೆ. ನೋವು ತಡೆಯಲು ಆಗದಿದ್ದರೆ "ನಿಲ್ಲಿಸಿ" ಅನ್ನಿ. ನಿಲ್ಲಿಸಿ, ಉಸಿರು ತಗೊಂಡು, ಮತ್ತೆ ಮಾಡೋಣ. ನಾಲ್ಕೂ ಕೈಕಾಲಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ.

6. ಸೂಜಿ

ಇದನ್ನು ಡಾಕ್ಟರು ಮಾಡುತ್ತಾರೆ. ತೆಳ್ಳನೆಯ ಸೂಜಿ. ಅದರಲ್ಲಿ ಕರೆಂಟ್ ಹೋಗಲ್ಲ, ಔಷಧಿಯೂ ಹೋಗಲ್ಲ, ಸ್ನಾಯುವಿನ ಒಳಗಿನ ಸದ್ದನ್ನು ಕೇಳಿಸಿಕೊಳ್ಳುವ ಕೆಲಸ ಮಾತ್ರ. ಒಬ್ಬರಿಗೆ ಹಾಕಿದ ಸೂಜಿ ಇನ್ನೊಬ್ಬರಿಗೆ ಹಾಕಬಾರದು, ಹೊಸ ಪ್ಯಾಕೆಟ್ ನಿಮ್ಮೆದುರೇ ಬಿಚ್ಚಲಿ ಅಂತ ಕೇಳುವ ಹಕ್ಕು ನಿಮಗಿದೆ.

ಸ್ನಾಯು ಸಡಿಲ ಬಿಟ್ಟಾಗ ಸ್ಪೀಕರ್ ಮೌನವಾಗಿರಬೇಕು. ನರದ ಸಂಪರ್ಕ ತಪ್ಪಿದ ಸ್ನಾಯು ಸುಮ್ಮನಿರಲ್ಲ, ತಗಡಿನ ಮೇಲೆ ಹನಿ ಬಿದ್ದ ಹಾಗೆ ಟಪ್ ಟಪ್ ಅನ್ನುತ್ತಿರುತ್ತದೆ. ಆಮೇಲೆ "ಸ್ವಲ್ಪ ಬಲ ಹಾಕಿ" ಅನ್ನುತ್ತಾರೆ. ಆಗ ಬರುವ ಅಲೆಗಳು ದೊಡ್ಡದಾಗಿದ್ದು ಎಣಿಕೆಯಲ್ಲಿ ಕಡಿಮೆ ಇದ್ದರೆ ನರದ ತೊಂದರೆ ಕಡೆ, ಚಿಕ್ಕದಾಗಿದ್ದು ಗುಂಪುಗುಂಪಾಗಿ ಬಂದರೆ ಸ್ನಾಯುವಿನ ತೊಂದರೆ ಕಡೆ ಬೆರಳು ತೋರಿಸುತ್ತವೆ. ಒಮ್ಮೆ ಒಬ್ಬ ಯುವಕನಿಗೆ ಸೂಜಿ ಹಾಕಿದಾಗ ಸ್ಪೀಕರಿನಲ್ಲಿ ಬೈಕ್ ರೇಸ್ ಮಾಡಿ ಬಿಟ್ಟ ಹಾಗೆ ಸದ್ದು ಏರಿ ಇಳಿಯಿತು. ಡಾಕ್ಟರು ತಿರುಗಿ ಕೇಳಿದ್ದು ಒಂದೇ ಪ್ರಶ್ನೆ, "ಯಾರದ್ದಾದರೂ ಕೈ ಕುಲುಕಿದ ಮೇಲೆ ಬಿಡಲು ಕಷ್ಟ ಆಗುತ್ತಾ?" ಹುಡುಗ ಕಣ್ಣರಳಿಸಿ ಹೌದು ಅಂದ. ಚಿಕ್ಕಂದಿನಿಂದ ಇದ್ದದ್ದನ್ನು ಯಾರಿಗೂ ಹೇಳಿರಲಿಲ್ಲ. ಮಯೋಟೋನಿಯಾ ಅನ್ನುವ ಗುಂಪಿನ ಕಾಯಿಲೆಗಳ ಗುರುತು ಆ ಸದ್ದು.

ಸೂಜಿ ಹಾಕಿದ ಕಡೆ ಒಂದೆರಡು ದಿನ ನೋವು, ಸಣ್ಣ ನೀಲಿ ಕಲೆ ಇರಬಹುದು. ಊತ, ಕೆಂಪು ಜಾಸ್ತಿಯಾದರೆ ಫೋನ್ ಮಾಡಿ. ಎದೆಯ ಹತ್ತಿರ ಸೂಜಿ ಹಾಕಿದ ಮೇಲೆ ಉಸಿರು ಕಟ್ಟಿದ ಹಾಗಾದರೆ ಫೋನ್ ಮಾಡುತ್ತಾ ಕೂರದೆ ವಾಪಸ್ ಬನ್ನಿ.

7. ಸಂಜೆಗೆ ಸೋಲುವವರಿಗೆ

ನರ, ಸ್ನಾಯು ಎರಡೂ ಚೆನ್ನಾಗಿದ್ದು ಅವೆರಡೂ ಸೇರುವ ಜಾಗದಲ್ಲಿ ತೊಂದರೆ ಇದ್ದರೆ ಮೇಲಿನ ಟೆಸ್ಟುಗಳು ಪೂರ್ತಿ ನಾರ್ಮಲ್ ಬರಬಹುದು. ಮಯಸ್ತೇನಿಯಾ ಗ್ರೇವಿಸ್ ಅಂಥದ್ದು. ಅದಕ್ಕೆ ಆರ್‌ಎನ್‌ಎಸ್ ಅಂತ ಬೇರೆ ಟೆಸ್ಟ್, ಸೆಕೆಂಡಿಗೆ ಎರಡು ಮೂರರಂತೆ ಸಾಲಾಗಿ ಶಾಕ್ ಕೊಟ್ಟು ಉತ್ತರ ಕುಗ್ಗುತ್ತಾ ಹೋಗುತ್ತದಾ ಅಂತ ನೋಡುತ್ತೇವೆ. ಹತ್ತು ಪರ್ಸೆಂಟಿಗಿಂತ ಹೆಚ್ಚು ಕುಗ್ಗಿದರೆ ಲೆಕ್ಕಕ್ಕೆ ಬರುತ್ತದೆ. ಚೀಟಿಯಲ್ಲಿ ಬರೆದಿರದಿದ್ದರೆ ಇದನ್ನು ಯಾರೂ ಮಾಡಲ್ಲ, ಅದಕ್ಕೇ "ಸಂಜೆಗೆ ಜಾಸ್ತಿ ಆಗುತ್ತದೆ" ಅನ್ನುವ ನಿಮ್ಮ ಒಂದು ವಾಕ್ಯ ಅಷ್ಟು ಬೆಲೆಯುಳ್ಳದ್ದು. ಈ ಕಾಯಿಲೆಗೆ ಕೊಡುವ ಪೈರಿಡೋಸ್ಟಿಗ್ಮಿನ್ ಮಾತ್ರೆಯನ್ನು ಈಗಾಗಲೇ ತಗೊಳ್ಳುತ್ತಿದ್ದರೆ ಟೆಸ್ಟಿಗೆ ಮುಂಚೆ ಎಷ್ಟು ಗಂಟೆ ಬಿಡಬೇಕು ಅಂತ ಡಾಕ್ಟರನ್ನೇ ಕೇಳಿ, ನುಂಗಲು, ಉಸಿರಾಡಲು ತೊಂದರೆ ಇರುವವರು ತಾವಾಗಿ ಬಿಟ್ಟರೆ ಅಪಾಯ.

ಜೊತೆಗೆ ಪ್ರತಿಕಾಯದ, ಅಂದರೆ ಆಂಟಿಬಾಡಿಯ ರಕ್ತ ಪರೀಕ್ಷೆ ಇದೆ. ಮೈಯೆಲ್ಲ ಸೋಲುವ ಮಯಸ್ತೇನಿಯಾದಲ್ಲಿ ಅದು ನೂರರಲ್ಲಿ ಸುಮಾರು 85 ಜನಕ್ಕೆ ಪಾಸಿಟಿವ್ ಬರುತ್ತದೆ, ಕಣ್ಣಿಗೆ ಮಾತ್ರ ಇರುವವರಲ್ಲಿ ಸುಮಾರು ಅರ್ಧ ಜನಕ್ಕೆ. ಜೋತುಬಿದ್ದ ರೆಪ್ಪೆ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್ ಎರಡು ನಿಮಿಷ ಇಟ್ಟು, ರೆಪ್ಪೆ ಏಳುತ್ತದಾ ಅಂತ ನೋಡುವ ಪರೀಕ್ಷೆಯೂ ಇದೆ. ಇಷ್ಟು ಸುಲಭದ್ದು ಇಷ್ಟು ಚೆನ್ನಾಗಿ ಕೆಲಸ ಮಾಡುವುದನ್ನು ಮೊದಲ ಸಲ ಕಣ್ಣಾರೆ ನೋಡಿದಾಗ ನಾನು ಬೆರಗಾಗಿದ್ದೆ.

8. ರಿಪೋರ್ಟ್ ಓದುವುದು

ಅಂಕಿಗಳ ಸಾಲಿನಲ್ಲಿ ಮೂರು ಪದ ಹುಡುಕಿ. ಲೇಟೆನ್ಸಿ ಅಂದರೆ ಸುದ್ದಿ ಬರಲು ಹಿಡಿದ ಸಮಯ. ವೆಲಾಸಿಟಿ ಅಂದರೆ ವೇಗ. ಆಂಪ್ಲಿಟ್ಯೂಡ್ ಅಂದರೆ ಉತ್ತರ ಎಷ್ಟು ದೊಡ್ಡದು. ಬಸ್ಸಿನ ಹಾಗೆ ಯೋಚಿಸಿ. ಬಸ್ಸು ಹೊತ್ತಿಗೆ ಸರಿಯಾಗಿ ಬಂತು, ಆದರೆ ಒಳಗೆ ಜನವೇ ಇಲ್ಲ ಅಂದರೆ ಆಂಪ್ಲಿಟ್ಯೂಡ್ ಕಡಿಮೆ, ನರದ ಒಳಗಿನ ಎಳೆಗಳೇ ಕಮ್ಮಿಯಾಗಿವೆ, ರಿಪೋರ್ಟಲ್ಲಿ "ಆಕ್ಸೋನಲ್" ಅಂತ ಇರುತ್ತದೆ. ಜನ ತುಂಬಿದ್ದಾರೆ, ಬಸ್ಸು ತಡ ಅಂದರೆ ವೇಗ ಕಡಿಮೆ, ಎಳೆಯ ಮೇಲಿನ ಹೊದಿಕೆ ಹಾಳಾಗಿದೆ, "ಡಿಮೈಲಿನೇಟಿಂಗ್" ಅಂತ ಇರುತ್ತದೆ. ಯಾವುದು ಅನ್ನೋದರ ಮೇಲೆ ಔಷಧಿಯೂ ಬೇರೆ, ಗುಣವಾಗುವ ಕಾಲವೂ ಬೇರೆ. ಹೊದಿಕೆ ವಾರ, ತಿಂಗಳಲ್ಲಿ ರಿಪೇರಿಯಾಗಬಹುದು. ಎಳೆ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಮಾತ್ರ. ಮೊಣಕೈ ಹತ್ತಿರ ಪೆಟ್ಟಾದ ನರ ಬೆರಳು ತಲುಪಲು ಎಷ್ಟು ತಿಂಗಳು ಬೇಕು ಅಂತ ಲೆಕ್ಕ ಹಾಕಿ, ಆಮೇಲೆ ತಾಳ್ಮೆ ಇಟ್ಟುಕೊಳ್ಳಿ.

"ಎನ್‌ಆರ್" ಅಂತ ಇದ್ದರೆ ಉತ್ತರ ಬರಲಿಲ್ಲ ಅಂತ ಅರ್ಥ. ವಯಸ್ಸಾದವರ ಕಾಲಿನ ಕೆಲವು ನರಗಳಲ್ಲಿ ಉತ್ತರ ತುಂಬಾ ಸಣ್ಣದಾಗಿರುವುದು, ಸಿಗದೇ ಇರುವುದು ಇದೆ. ಕಾಲಿನ ನರದ ವೇಗ ಕೈಗಿಂತ ಕಡಿಮೆಯೇ, 40ರ ಮೇಲಿದ್ದರೆ ಸಾಮಾನ್ಯವಾಗಿ ಸರಿ. ಒಂದೊಂದು ಲ್ಯಾಬಿನ ಮಿತಿ ಒಂದೊಂದು, ಅದಕ್ಕೇ ಪಕ್ಕದ ಮನೆಯವರ ರಿಪೋರ್ಟಿನ ಜೊತೆ ಹೋಲಿಸಬೇಡಿ, ನಿಮ್ಮದೇ ಎಡ ಮತ್ತು ಬಲವನ್ನು ಹೋಲಿಸಿ. ಮೊದಲು ಹೇಳಿದ ಅಮ್ಮನಿಗೆ ಕೈ ಬಿಸಿಯಾದ ಮೇಲೆ ಎಲ್ಲ ಅಂಕಿಯೂ ಸರಿಹೋಯಿತು, ಬಲ ಮಣಿಕಟ್ಟಿನ ಲೇಟೆನ್ಸಿ ಒಂದು ಮಾತ್ರ ಹಾಗೇ ಉಳಿಯಿತು. ರಾತ್ರಿ ಹೊತ್ತು ಮಣಿಕಟ್ಟು ನೇರ ಇಡುವ ಪಟ್ಟಿಯಿಂದ ಚಿಕಿತ್ಸೆ ಶುರುವಾಯಿತು.

9. "ನಾರ್ಮಲ್" ಬಂದರೆ

ನಾರ್ಮಲ್ ಅಂದರೆ "ನಿಮಗೆ ಏನೂ ಇಲ್ಲ, ಎಲ್ಲ ಮನಸ್ಸಿನದ್ದು" ಅಂತ ಅಲ್ಲ. ಮನೆಯವರಿಗೂ ಇದನ್ನು ಓದಿ ಹೇಳಿ. ಎನ್‌ಸಿವಿ ನೋಡುವುದು ದಪ್ಪ ಎಳೆಗಳನ್ನು. ಉರಿ, ಬಿಸಿ, ತಂಪು ಹೇಳುವ ಸಣ್ಣ ಎಳೆಗಳು ಈ ಯಂತ್ರಕ್ಕೆ ಕಾಣಲ್ಲ. ಅಂಗಾಲು ರಾತ್ರಿಯೆಲ್ಲ ಉರಿದು ಬೆಡ್‌ಶೀಟ್ ತಾಗಿದರೂ ತಡೆಯಲಾಗದವರ ಎನ್‌ಸಿವಿ ಪೂರ್ತಿ ನಾರ್ಮಲ್ ಇರಬಹುದು. ಅದಕ್ಕೆ ಕಾಲಿನ ಚರ್ಮದಿಂದ 3 ಮಿಲಿಮೀಟರ್ ಅಗಲದ ಚೂರು ತೆಗೆದು ಎಳೆ ಎಣಿಸುವ ಬಯಾಪ್ಸಿ ಇದೆ.

ಡಿಸ್ಕ್ ಒತ್ತಿದಾಗಲೂ ಹೀಗೇ. ಸ್ಪರ್ಶದ ನರದ ಮೂಲ ಕೋಶ ಒತ್ತಡದ ಜಾಗದಿಂದ ಆಚೆ ಕೂತಿರುತ್ತದೆ, ಹಾಗಾಗಿ ಕಾಲೆಲ್ಲ ಜೋಮು ಹಿಡಿದಿದ್ದರೂ ಸ್ಪರ್ಶದ ಎನ್‌ಸಿವಿ ಚೆನ್ನಾಗೇ ಬರುತ್ತದೆ. ಅಲ್ಲಿ ಸೂಜಿ ಮತ್ತು ಎಂಆರ್‌ಐ ಸೇರಿ ಮಾತಾಡಬೇಕು. ಎಂಆರ್‌ಐ ಒಂದನ್ನೇ ನಂಬುವುದೂ ಕಷ್ಟ, ನೋವೇ ಇಲ್ಲದವರ ಬೆನ್ನಲ್ಲೂ ಡಿಸ್ಕ್ ಉಬ್ಬಿರುವುದು ಕಾಣುತ್ತದೆ.

10. ಮುಂದಿನ ಟೆಸ್ಟುಗಳು ಬಂದರೆ

ಸ್ನಾಯುವಿನ ಬಯಾಪ್ಸಿ ಬರೆದರೆ, ಸೂಜಿ ಹಾಕಿದ ಸ್ನಾಯುವಿನಿಂದಲೇ ಚೂರು ತೆಗೆಯಬಾರದು, ಸೂಜಿಯ ಗಾಯವೇ ಕಾಯಿಲೆಯ ಹಾಗೆ ಕಾಣುತ್ತದೆ. ಯಾವ ಕಡೆ ಸೂಜಿ ಹಾಕಿದ್ದರು ಅಂತ ಬರೆದಿಟ್ಟುಕೊಂಡು ಹೇಳಿ. ತೆಗೆದ ಚೂರನ್ನು ಸರಿಯಾಗಿ ಹೆಪ್ಪುಗಟ್ಟಿಸಬೇಕು, ಅದಕ್ಕೇ ಇದನ್ನು ಬೆಂಗಳೂರಿನ ನಿಮ್ಹಾನ್ಸ್‌ನಂಥ, ಆ ಸೌಲಭ್ಯ ಇರುವ ಕಡೆಯೇ ಮಾಡಿಸುವುದು ಒಳ್ಳೆಯದು. ನರದ ಬಯಾಪ್ಸಿಯನ್ನು ಹಿಮ್ಮಡಿ ಪಕ್ಕದಿಂದ ತೆಗೆದರೆ ಪಾದದ ಹೊರಬದಿ ಮರಗಟ್ಟಿ ಉಳಿಯಬಹುದು. ಒಪ್ಪಿಗೆ ಹಾಕುವ ಮುಂಚೆ ಇದರಿಂದ ಚಿಕಿತ್ಸೆ ಬದಲಾಗುತ್ತಾ ಅಂತ ಕೇಳಿ.

ಮೇಲೆ ಹೇಳಿದ ಮಗುವಿನಂಥವರಿಗೆ ಈಗ ಹೆಚ್ಚಾಗಿ ಸೂಜಿಯನ್ನೂ ಹಾಕಲ್ಲ, ಬಯಾಪ್ಸಿಗೂ ಹೋಗಲ್ಲ. ಸಿಪಿಕೆ ಸಾವಿರಗಟ್ಟಲೆ ಇದ್ದರೆ ನೇರ ಜೀನ್ ಟೆಸ್ಟ್. ಮೊದಲು ಎಂಎಲ್‌ಪಿಎ, ಅಂದರೆ ಜೀನಿನ ತುಂಡು ಬಿಟ್ಟುಹೋಗಿದೆಯಾ, ಎರಡೆರಡಾಗಿದೆಯಾ ಅಂತ ನೋಡುವ ಟೆಸ್ಟ್. ಡುಶೇನ್ ಅನ್ನುವ, ಸ್ನಾಯು ಸೊರಗುತ್ತಾ ಹೋಗುವ ಈ ಕಾಯಿಲೆ ಇರುವ ಮಕ್ಕಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಜನಕ್ಕೆ ಅದರಲ್ಲೇ ಉತ್ತರ ಸಿಗುತ್ತದೆ. ಸಿಗದಿದ್ದರೆ ಜೀನನ್ನು ಪೂರ್ತಿ ಓದುವ ಟೆಸ್ಟ್. ಜೀನಿನ ಈ ದೋಷ ತಾಯಿಯಿಂದ ಬಂದಿರಬಹುದು, ಹಾಗಾಗಿ ತಾಯಿಯ ಟೆಸ್ಟ್ ಬಗ್ಗೆಯೂ ಕೇಳಿ, ಮುಂದಿನ ಮಗುವಿನ ಯೋಚನೆ ಇದ್ದರೆ ಅದು ಬೇಕೇ ಬೇಕು. ಆ ಮಾತು ಬಂದಾಗ ತಾಯಿಯ ಮೇಲೆ ತಪ್ಪು ಹೊರಿಸುವ ಮನೆಗಳನ್ನು ನೋಡಿದ್ದೇನೆ. ಇದರಲ್ಲಿ ಯಾರ ತಪ್ಪೂ ಇಲ್ಲ.

ಇನ್ನೊಂದು, ಹದಿನೆಂಟು ಇಪ್ಪತ್ತರ ಹುಡುಗರಿಗೆ ಒಂದು ಕೈಯ ಅಂಗೈ, ಮುಂಗೈ ನೋವಿಲ್ಲದೆ ಸೊರಗುವುದು. ಚಳಿಯಲ್ಲಿ ಬೆರಳು ಇನ್ನೂ ಸೆಟೆದು ಕೆಲಸ ಮಾಡಲ್ಲ ಅನ್ನುತ್ತಾರೆ. ಜಪಾನಿನಲ್ಲಿ ಹಿರಾಯಾಮ ಅನ್ನುವ ಡಾಕ್ಟರು 1959ರಲ್ಲಿ ಬರೆದ ಕಾಯಿಲೆ ಇದು, ಇಂಥವರ ಬಗ್ಗೆ ನಿಮ್ಹಾನ್ಸ್‌ನ ಡಾ. ಗೌರೀದೇವಿ ಮತ್ತು ಜೊತೆಗಾರರು 1984ರಲ್ಲಿ ಬರೆದರು. ಇದರಲ್ಲಿ ಕುತ್ತಿಗೆಯ ಎಂಆರ್‌ಐ ನೇರ ಮಲಗಿಸಿ ಮಾಡಿದರೆ ಸಾಲದು, ಕುತ್ತಿಗೆ ಮುಂದಕ್ಕೆ ಬಗ್ಗಿಸಿಯೂ ತೆಗೆಯಬೇಕು. ಚೀಟಿಯಲ್ಲಿ ಹಾಗೆ ಬರೆದಿದ್ದಾರಾ ಅಂತ ಸ್ಕ್ಯಾನಿಂಗ್‌ಗೆ ಹೋಗುವ ಮುಂಚೆ ಒಂದು ಸಲ ಕೇಳಿ.

ರಿಪೋರ್ಟ್ ತಗೊಳ್ಳುವಾಗ ಕೊನೆಯ ಎರಡು ಸಾಲಿನ ತೀರ್ಮಾನ ಮಾತ್ರ ಸಾಲದು, ಅಂಕಿ ಮತ್ತು ಅಲೆಗಳ ಪುಟಗಳನ್ನೂ ಕೇಳಿ ಇಸ್ಕೊಳ್ಳಿ. ಕೈಯ ಉಷ್ಣತೆ ಬರೆದಿದ್ದಾರಾ ನೋಡಿ. ಎಲ್ಲ ಪುಟದ ಫೋಟೊ ಮೊಬೈಲಲ್ಲಿ ಇಟ್ಟುಕೊಳ್ಳಿ. ಆರು ತಿಂಗಳು ಬಿಟ್ಟು ಮತ್ತೆ ಮಾಡಿಸಬೇಕಾದರೆ ಆದಷ್ಟೂ ಅದೇ ಲ್ಯಾಬಿಗೆ ಹೋಗಿ, ಹಳೆಯ ಪುಟ ತೋರಿಸಿ, ನೀವು ಮನೆಯಲ್ಲಿ ಬರೆದಿದ್ದ ಆ ಒಂದು ಪುಟವನ್ನು ಹೊಸದಾಗಿ ಬರೆದು, ಎಲ್ಲಕ್ಕಿಂತ ಮೇಲೆ ಪಿನ್ ಮಾಡಿಕೊಂಡು ಬನ್ನಿ.